ಬೀಗ ಹಾಕಿ ಊರಿಗೆ ಹೋಗಬಹುದಾದ ಮನೆ

ಭಾಲ್ಕಿ, ಔರಾದ್ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಹಂಗಾಮು ಇದೆ. ತೊಗರಿ ರಾಶಿ ಮುಗಿದು, ಅಡತ್ ಅಂಗಡಿಯ ಲೆಕ್ಕ ಚುಕ್ತಾ ಆಗಿ, ಮನೆಯ ಹುಡುಗನೋ ಹುಡುಗಿಯೋ ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಿರುವ ಹೊತ್ತಿಗೆ ಅದು ಏಳುತ್ತದೆ: ‘ಬೀದರ್‌ನಾಗ ಒಂದು ಸಣ್ಣ ಮನಿ ತಗೋಬೇಕಂತೀವಿ. ಯಾವ ಕಡೆ ತಗೊಂಡ್ರ ಚಲೋ?’ ಇದಕ್ಕೆ ಸಿಗುವ ಉತ್ತರಗಳೆಲ್ಲ ಬಡಾವಣೆಯ ಹೆಸರುಗಳು. ಇಲ್ಲಿ ರೇಟು ಏರುತ್ತದೆ, ಅಲ್ಲಿ ರಿಂಗ್ ರಸ್ತೆ ಬರುತ್ತದೆ, ಇನ್ನೊಂದು ಕಡೆ ನಮ್ಮವರೇ ಹೆಚ್ಚು ಎಂಬ ಮಾತುಗಳು. ನನ್ನ ದೃಷ್ಟಿಯಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಆ ಮನೆಗೆ ವರ್ಷದಲ್ಲಿ ಎಷ್ಟು ತಿಂಗಳು ಬೀಗ ಬೀಳುತ್ತದೆ? ಹೊಲ, ದನ, ಹಿರಿಯರು, ರೇಷನ್ ಕಾರ್ಡು, ಮತ ಎಲ್ಲವೂ ಊರಲ್ಲೇ ಇರುವ ಕುಟುಂಬಕ್ಕೆ ಬೀದರ್‌ನ ಮನೆ ಎಂದೂ ಎರಡನೆಯ ಮನೆಯೇ. ಬೀಗ ಹಾಕಿದಾಗ ಚಿಂತೆ ಕೊಡದ, ಬೀಗ ತೆಗೆದಾಗ ಕಾಲ್ನಡಿಗೆಯಲ್ಲೇ ಕೆಲಸ ಮುಗಿಯುವ ಮನೆ ಯಾವುದೋ ಅದೇ ಅವರಿಗೆ ಸರಿಯಾದ ಮನೆ. ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರಬೇಕು ಎಂಬುದು ಈ ಬರಹದ ವಾದ.

ಇಂಥ ಮನೆ ಯಾಕೆ ಬೇಕಾಗುತ್ತದೆ ಎಂದು ನೋಡಿದರೆ ಬೀಗದ ಮಾತು ತಾನೇ ಅರ್ಥವಾಗುತ್ತದೆ. ಮೊದಲ ಕಾರಣ ಓದು. ನೀಟ್ ತರಬೇತಿಗೆ ಹೆಸರಾದ ಶಾಹೀನ್ ಸಮೂಹದ ಕಾಲೇಜು, ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಬ್ರಿಮ್ಸ್ ವೈದ್ಯಕೀಯ ಕಾಲೇಜು, ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಎಲ್ಲವೂ ಬೀದರ್‌ನಲ್ಲಿವೆ. ಆದರೆ ಪಿಯುಸಿ ಎಂದರೆ ಎರಡೇ ವರ್ಷ. ಆಮೇಲೆ ಮಗು ಕಲಬುರಗಿಗೋ ಬೆಂಗಳೂರಿಗೋ ಹೋದರೆ ಮುಂದಿನ ಮಗು ಹತ್ತನೆಯ ತರಗತಿ ಮುಗಿಸುವ ತನಕ ಮನೆ ಖಾಲಿ. ಎರಡನೆಯ ಕಾರಣ ಆಸ್ಪತ್ರೆ. ಹೆರಿಗೆ, ಕಣ್ಣಿನ ಪೊರೆ, ಮುರಿದ ಮೂಳೆ, ವಾರ ಬಿಟ್ಟು ವಾರ ತೋರಿಸಬೇಕಾದ ಸಕ್ಕರೆ ಕಾಯಿಲೆ, ಇವೆಲ್ಲ ಬಂದಾಗ ಬಂದು ಹೋಗುವ ಕೆಲಸಗಳು. ಮೂರನೆಯದು ಜಿಲ್ಲಾ ಕಚೇರಿ, ಕೋರ್ಟು, ನೌಕರಿ. ಇವುಗಳಲ್ಲಿ ನೌಕರಿಯೊಂದನ್ನು ಬಿಟ್ಟರೆ ಯಾವುದೂ ವರ್ಷವಿಡೀ ಬಾಗಿಲು ತೆರೆದಿರುವಂಥದ್ದಲ್ಲ. ಮಿರಗದ ಮಳೆ ಬಿದ್ದರೆ ಸೋಯಾ, ಉದ್ದು, ಹೆಸರು, ತೊಗರಿ ಬಿತ್ತಲು ಮನೆಮಂದಿಯೆಲ್ಲ ಊರಿಗೆ ಹೋಗುತ್ತಾರೆ. ಕೊಯ್ಲು, ರಾಶಿ, ಜಾತ್ರೆ, ಮದುವೆ, ಬೇಸಿಗೆ ರಜೆ ಬಂದಾಗಲೂ ಹೀಗೆಯೇ. ಎರಡನೆಯ ಮನೆಯನ್ನು ಮೊದಲ ಮನೆಯ ಅಳತೆಗೋಲಿನಿಂದ ಅಳೆದವರು ದೊಡ್ಡದನ್ನು ಕೊಂಡು ಖಾಲಿ ಬಿಡುತ್ತಾರೆ.

ಹಾಗಾದರೆ ಮನೆ ಕೊಳ್ಳುವುದಾದರೂ ಯಾಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಬಲವಿದೆ. ಭಾಲ್ಕಿಯೂ ಔರಾದೂ ಬೀದರ್‌ನಿಂದ ಸುಮಾರು 40 ಕಿಲೋಮೀಟರ್ ಆಸುಪಾಸಿನಲ್ಲಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ತಾಯಿ, ಮಗಳು ಇಬ್ಬರೂ ಟಿಕೆಟ್ ದುಡ್ಡಿಲ್ಲದೆ ಬೀದರ್‌ಗೆ ಬಂದು ಹೋಗಬಹುದು. ಭಾಲ್ಕಿಗೆ ರೈಲೂ ಇದೆ. ಎಂಜಿನಿಯರಿಂಗ್ ಕಾಲೇಜು ಅಲ್ಲೇ ಇದೆ, ಹಿರೇಮಠ ಸಂಸ್ಥಾನದ ಶಿಕ್ಷಣ ಸಂಸ್ಥೆಗಳಿವೆ, ಬೀದರ್ ವಿಶ್ವವಿದ್ಯಾಲಯದ ಆವರಣ ಇರುವುದೂ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ. ಆದ್ದರಿಂದ ಭಾಲ್ಕಿ ಪಟ್ಟಣದಲ್ಲೇ ಇರುವ ಕುಟುಂಬ ಬೀದರ್‌ನಲ್ಲಿ ಇನ್ನೊಂದು ಮನೆ ಮಾಡುವ ಮೊದಲು ಎರಡು ಸಲ ಯೋಚಿಸಬೇಕು. ಔರಾದ್‌ನ ಮಾತು ಬೇರೆ. ಅಲ್ಲಿಗೆ ರೈಲಿಲ್ಲ. ತಾಲ್ಲೂಕು ಕೇಂದ್ರದಿಂದ ಒಳಗಿರುವ ಹಳ್ಳಿಯ ಹುಡುಗಿ ಮೊದಲು ಔರಾದ್‌ಗೆ ಅಥವಾ ಸಂತಪೂರಕ್ಕೆ ಬಂದು, ಅಲ್ಲಿಂದ ಬೀದರ್ ಬಸ್ ಹಿಡಿಯಬೇಕು. ಬೆಳಗಿನ ತರಬೇತಿ ತರಗತಿಗೆ ಆ ಬಸ್ ಸೇರಿಸಲಾರದು, ಸಂಜೆಯದು ಕತ್ತಲಲ್ಲಿ ಇಳಿಸುತ್ತದೆ. ಹಣ ಉಳಿದರೂ ದಿನಕ್ಕೆ ಮೂರು ನಾಲ್ಕು ತಾಸು ಹೋಗುತ್ತವೆ, ಪಿಯುಸಿ ಓದುವವರಿಗೆ ಕೊರತೆ ಇರುವುದು ಆ ತಾಸುಗಳದ್ದೇ. ಇಂಥವರಿಗೂ ನನ್ನ ಸಲಹೆ, ಮೊದಲ ವರ್ಷ ಕಿರಾಯಿ ಮನೆಯಲ್ಲಿರಿ ಎಂಬುದೇ. ನಗರದ ಯಾವ ಮೂಲೆಗೆ ನೀರು ಬರುತ್ತದೆ, ಯಾವ ಮೂಲೆಯಿಂದ ಕಾಲೇಜಿಗೆ ಆಟೋ ಸಿಗುತ್ತದೆ ಎಂಬುದು ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಮಕ್ಕಳ ವಯಸ್ಸಿನ ಅಂತರ ಕಡಿಮೆಯಿದ್ದು, ಒಬ್ಬರ ಹಿಂದೊಬ್ಬರು ಆರೇಳು ವರ್ಷ ಬೀದರ್‌ನಲ್ಲಿ ಓದುವಂತಿದ್ದರೆ, ಮನೆಯಲ್ಲಿ ಪದೇ ಪದೇ ಆಸ್ಪತ್ರೆಗೆ ಹೋಗಬೇಕಾದ ಹಿರಿಯರೂ ಇದ್ದರೆ ಕೊಳ್ಳುವುದಕ್ಕೆ ಅರ್ಥವಿದೆ.

ಕೊಳ್ಳುವ ತೀರ್ಮಾನವಾದ ಕೂಡಲೇ ಎದುರಾಗುವ ದೊಡ್ಡ ಆಕರ್ಷಣೆ ಪ್ಲಾಟ್. ನಗರದೊಳಗಿನ ಎರಡು ಕೋಣೆಯ ಹಳೇ ಮನೆಗೆ ಕೊಡುವ ದುಡ್ಡಿನಲ್ಲಿ ಊರ ಹೊರಗೆ 30x40ರ ಪ್ಲಾಟ್ ಕೊಂಡು ಸ್ವಲ್ಪ ಹಣ ಉಳಿಸಬಹುದು ಎಂಬ ಲೆಕ್ಕ ಸುಳ್ಳಲ್ಲ. ಆದರೆ ಓದು ಈ ಜೂನ್‌ಗೆ ಶುರುವಾಗುತ್ತದೆ. ಪ್ಲಾಟ್ ಮೇಲೆ ಮನೆ ಏಳಲು ಒಂದೆರಡು ವರ್ಷ ಬೇಕು, ಅಷ್ಟರಲ್ಲಿ ಯಾವ ಮಗುವಿಗಾಗಿ ಕೊಂಡಿರೋ ಅದರ ಪಿಯುಸಿ ಮುಗಿದಿರುತ್ತದೆ. ಬೀಗ ಹಾಕಲು ಬಾಗಿಲೇ ಇಲ್ಲದ ಆಸ್ತಿ ಅದು. ಮಾಲೀಕ 40 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಬಿತ್ತನೆಯಲ್ಲಿರುವಾಗ ಗಡಿಕಲ್ಲು ಒಂದೆರಡು ಅಡಿ ಸರಿದರೂ ಪಕ್ಕದವರು ಮರಳು, ಇಟ್ಟಿಗೆ ಸುರಿದರೂ ಕೇಳುವವರಿಲ್ಲ. ಇದಕ್ಕಿಂತ ಅಪಾಯದ್ದು ಗುಂಟಾ ಲೆಕ್ಕದಲ್ಲಿ ಮಾರುವ ಪ್ಲಾಟ್. ಹೊಲವನ್ನು ಎನ್.ಎ. ಮಾಡಿಸದೆ, ನಗರಾಭಿವೃದ್ಧಿ ಪ್ರಾಧಿಕಾರದ ವಿನ್ಯಾಸ ಮಂಜೂರಾತಿ ಇಲ್ಲದೆ, ಸುಣ್ಣದ ಗೆರೆ ಎಳೆದು ಬಾಂಡ್ ಪೇಪರ್ ಮೇಲೆ ಬರೆದುಕೊಡುವುದು ಎಲ್ಲ ಕಡೆ ಇದೆ. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಿಂದಲೇ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಮುಖ್ತ್ಯಾರ್ ಪತ್ರ, ಕರಾರು ಪತ್ರಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಬಾಂಡ್ ಮೇಲೆ ಕೊಂಡವರ ಕೈಯಲ್ಲಿ ಉಳಿಯುವುದು ಮಾರಿದವರ ಮಾತು ಮಾತ್ರ, ಅವರ ಮಕ್ಕಳು ಆ ಮಾತಿಗೆ ನಿಲ್ಲುತ್ತಾರೆ ಎಂಬ ಭರವಸೆ ಯಾರೂ ಕೊಡಲಾರರು.

ಕಾಗದದ ಮಾತು ಬಂದಾಗ ಪಟ್ಟಿ ಹೇಳುವುದಕ್ಕಿಂತ ಒಂದೇ ಹಾಳೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ ಆಸ್ತಿಗಳಿಗೆ ಇ-ಖಾತಾ ಇಲ್ಲದೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ಆ ಹಾಳೆಯಲ್ಲಿ ಆಸ್ತಿ ಸಂಖ್ಯೆ, ಮಾಲೀಕರ ಹೆಸರು, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಇರುತ್ತವೆ. ಹಾಳೆಯನ್ನು ಕೈಯಲ್ಲಿ ಹಿಡಿದು ಮನೆಯ ಮುಂದೆ ನಿಂತು ಓದಬೇಕು. ಪೂರ್ವಕ್ಕೆ ರಸ್ತೆ ಎಂದಿದ್ದರೆ ಅಲ್ಲಿ ರಸ್ತೆಯೇ ಇದೆಯೋ ಯಾರದೋ ಖುಲ್ಲಾ ಜಾಗವಿದೆಯೋ, ಉತ್ತರಕ್ಕೆ ಬರೆದ ಹೆಸರಿನವರು ಪಕ್ಕದ ಮನೆಯವರಿಗೆ ಗೊತ್ತೋ, ಅಳತೆಯ ಟೇಪು ಹಿಡಿದರೆ ಹಾಳೆಯ ಅಂಕಿಯೂ ಗೋಡೆಯ ಅಂಕಿಯೂ ಒಂದೇ ಆಗುತ್ತವೆಯೋ ಎಂದು ನೋಡಿದರೆ ಅರ್ಧ ತಾಸಿನ ಕೆಲಸ. ಕೋರ್ಟಿಗೆ ಹೋಗುವ ಜಗಳಗಳಲ್ಲಿ ಬಹಳಷ್ಟು ಹುಟ್ಟುವುದು ಈ ನಾಲ್ಕು ಸಾಲುಗಳಲ್ಲೇ. ಖಾತಾ ‘ಎ’ಯೋ ‘ಬಿ’ಯೋ ಎಂಬುದನ್ನೂ ಅಲ್ಲೇ ನೋಡಬೇಕು. ಅನಧಿಕೃತ ಬಡಾವಣೆಗಳ ಆಸ್ತಿಗೆ ಈಗ ಬಿ-ಖಾತಾ ಸಿಗುತ್ತಿರುವುದರಿಂದ ಎಲ್ಲವೂ ಸಕ್ರಮವಾಯಿತು ಎಂದು ಮಾರುವವರು ಹೇಳುತ್ತಾರೆ. ಬಿ-ಖಾತಾದಿಂದ ತೆರಿಗೆ ಕಟ್ಟಬಹುದು, ಆದರೆ ಬಡಾವಣೆಗೆ ಮಂಜೂರಾತಿ ಬಂತು ಎಂದು ಅದರ ಅರ್ಥವಲ್ಲ, ಬಹುತೇಕ ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಹಿಂಜರಿಯುತ್ತವೆ. ಖಾತಾ ಸಿಕ್ಕಿದೆ ಎಂದು ಅದರ ಹಿಂದಿನ ಜಮೀನಿನ ಚರಿತ್ರೆಯನ್ನು ಬಿಡುವಂತಿಲ್ಲ. ಹಳೆಯ ಪಹಣಿಯ 11ನೇ ಕಾಲಂನಲ್ಲಿ ಇನಾಂ, ವಕ್ಫ್, ಬ್ಯಾಂಕಿನ ಬೋಜಾ ಏನಾದರೂ ನಮೂದಾಗಿತ್ತೇ, ಇ.ಸಿ.ಯಲ್ಲಿ ಎಷ್ಟು ಕೈ ಬದಲಾಗಿದೆ ಎಂಬುದನ್ನು ಮಾರುವವರ ಕಡೆಯವರಲ್ಲದ ವಕೀಲರಿಂದ ಓದಿಸಬೇಕು. ನಿಜಾಂ ಕಾಲದ ದಾಖಲೆಗಳು ಉರ್ದುವಿನಲ್ಲಿವೆ, ಓದಬಲ್ಲವರನ್ನು ಹುಡುಕುವ ಶ್ರಮ ವ್ಯರ್ಥವಾಗುವುದಿಲ್ಲ.

ನಗರದ ಅಂಚಿನ ಹಳ್ಳಿಗಳಲ್ಲಿ ಕೊಳ್ಳುವವರಿಗೆ ಇನ್ನೊಂದು ಮಾತು. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆ ಬೀದರ್ ಮತ್ತು ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆಯಾಗಿಸುವ ತೀರ್ಮಾನ ಮಾಡಿತು. ಪಾಲಿಕೆ ಎಂದ ಮೇಲೆ ಸುತ್ತಲಿನ ಹಳ್ಳಿಗಳೂ ನಗರವಾಗುತ್ತವೆ ಎಂಬ ಲೆಕ್ಕದಲ್ಲಿ ಪ್ಲಾಟಿನ ರೇಟು ಏರಿಸಿ ಮಾರುವುದು ಸುಲಭ. ಪಂಚಾಯಿತಿಯ ನಮೂನೆ 9, ನಮೂನೆ 11 ಇದ್ದ ಆಸ್ತಿ ಪಾಲಿಕೆಯ ಲೆಕ್ಕಕ್ಕೆ ಬಂದಾಗ ಮೊದಲು ಬರುವುದು ತೆರಿಗೆಯ ನೋಟಿಸು. ನಲ್ಲಿ, ಒಳಚರಂಡಿ, ಬೀದಿದೀಪ ತಮ್ಮ ಸರದಿಗಾಗಿ ಕಾಯುತ್ತವೆ. ಹಾಗೆಂದು ಹಳೇ ನಗರದಲ್ಲಿ ಕಣ್ಣುಮುಚ್ಚಿ ಕೊಳ್ಳಬಹುದು ಎಂದೂ ಅಲ್ಲ. ಬೀದರ್ ಕೋಟೆ, ಮಹಮೂದ್ ಗವಾನನ ಮದರಸಾದಂಥ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿನ ಹಳೇ ಮನೆಯನ್ನು ಕೊಂಡು ಇರಬಹುದು, ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ‘ಮುಂದೆ ಕೆಡವಿ ಎರಡು ಅಂತಸ್ತು ಕಟ್ಟೋಣ’ ಎಂಬ ಆಸೆಯಿಂದ ಕೊಳ್ಳುವಂತಿಲ್ಲ. ವಾಯುಪಡೆ ನೆಲೆಯ ಹತ್ತಿರವೂ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಸಣ್ಣ ಮನೆಯಲ್ಲಿ ಇದ್ದಂತೆಯೇ ಇರಲು ಬಯಸುವವರಿಗೆ ಈ ನಿರ್ಬಂಧಗಳಿಂದ ತೊಂದರೆ ಇಲ್ಲ. ಮುಂದೆ ಕಟ್ಟಿ ಬೆಳೆಸುವ ಲೆಕ್ಕದವರು ಮೊದಲೇ ವಿಚಾರಿಸಬೇಕು.

ನೆಲ ಮತ್ತು ನೀರಿನ ವಿಷಯದಲ್ಲಿ ಬೀದರ್‌ಗೆ ತನ್ನದೇ ಗುಣವಿದೆ, ಅದನ್ನು ಅರಿಯದೆ ಮನೆ ನೋಡಲು ಹೋಗಬಾರದು. ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಭಾಲ್ಕಿ, ಔರಾದ್ ಸೀಮೆಯದು ಬಹುಪಾಲು ಎರೆ ನೆಲ, ಅದರಡಿ ಕರಿಕಲ್ಲು. ಜಂಬಿಟ್ಟಿಗೆ ತೂತು ತೂತಾದ ಕೆಂಪು ಕಲ್ಲು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಜೇಡಿ ಪದರ ಮತ್ತು ಕರಿಕಲ್ಲಿನ ಮೇಲೆ ತಡೆದು ನಿಂತು, ಹಾಸಿನ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ಪಾಪನಾಶ, ಝರಣಿ ನರಸಿಂಹ ಹುಟ್ಟಿದ್ದು ಹೀಗೆಯೇ. ಬಹಮನಿ ಕಾಲದವರು ನೌಬಾದ್‌ನಲ್ಲಿ ಕೊರೆಸಿದ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ, ಇದೇ ನೀರನ್ನು ನೆಲದಡಿಯ ಕಾಲುವೆಯಲ್ಲಿ ಕೂಡಿಸಿ ಊರಿಗೆ ತರುವ ಉಪಾಯ. ಇಂದು ಮನೆ ಕೊಳ್ಳುವವರಿಗೆ ಇದರಿಂದ ಮೂರು ಪಾಠಗಳಿವೆ. ಕೆಂಪು ನೆಲದಲ್ಲಿ ಪಾಯ ಗಟ್ಟಿ ನಿಲ್ಲುತ್ತದೆ. ಹಾಸಿನಿಂದ ಕೆಳಗಿಳಿದು ಎರೆಗೆ ಬಂದ ಬಡಾವಣೆಯಲ್ಲಿ ಮಳೆಗಾಲಕ್ಕೆ ನೆಲ ಉಬ್ಬಿ, ಬೇಸಿಗೆಗೆ ಬಿರಿದು, ಅಗ್ಗದ ಪಾಯದ ಗೋಡೆ ಸೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಆ ಬಿರುಕು ಮೊದಲ ವರ್ಷವೇ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದಾಗಿ, ಜಂಬಿಟ್ಟಿಗೆಯಡಿಯ ಕರಿಕಲ್ಲಿನಲ್ಲಿ ಬೋರ್ ಕೊರೆಸುವುದು ಅದೃಷ್ಟದ ಆಟ, ಪಕ್ಕದ ಪ್ಲಾಟಿನಲ್ಲಿ ನೀರು ಬಿದ್ದಿದೆ ಎಂದು ನಿಮ್ಮಲ್ಲೂ ಬೀಳಬೇಕೆಂದಿಲ್ಲ. ಮೂರನೆಯದಾಗಿ, ನೀರು ಸುಲಭವಾಗಿ ಇಳಿಯುವ ನೆಲದಲ್ಲಿ ಪಾಯಖಾನೆ ಗುಂಡಿಯ ಕೊಳೆಯೂ ಸುಲಭವಾಗಿಯೇ ಇಳಿಯುತ್ತದೆ. ಒಳಚರಂಡಿ ಇಲ್ಲದೆ ಮನೆಗೊಂದು ಗುಂಡಿ, ಮನೆಗೊಂದು ಬೋರ್ ಇರುವ ಬಡಾವಣೆಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು. ನಗರಕ್ಕೆ ನಲ್ಲಿ ನೀರು ಬರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯದಿಂದ. ಆ ನಲ್ಲಿ ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮೇ ತಿಂಗಳಲ್ಲಿ, ಮಾರುವವರನ್ನು ಬಿಟ್ಟು ಎದುರು ಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು.

ಮನೆ ಎಷ್ಟು ದೊಡ್ಡದಿರಬೇಕು ಎಂಬ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ಒಂದು ಸಂಕೋಚವಿದೆ. ಊರಲ್ಲಿ ಅಂಗಳ, ಪಡಸಾಲೆ, ಹಿತ್ತಲು ಇರುವ ಮನೆಯವರು ಬೀದರ್‌ನಲ್ಲಿ ಎರಡು ಕೋಣೆಯಲ್ಲಿದ್ದರೆ ಬೀಗರು ಏನೆಂದುಕೊಂಡಾರು ಎಂಬುದು. ಬೀಗರು ವರ್ಷಕ್ಕೆ ಎರಡು ದಿನ ಬರುತ್ತಾರೆ, ತೆರಿಗೆ, ಬಣ್ಣ, ಸೋರುವ ಸ್ಲ್ಯಾಬು, ಗೆದ್ದಲು ವರ್ಷವಿಡೀ ಇರುತ್ತವೆ. ಓದುವ ಇಬ್ಬರು ಮಕ್ಕಳು, ಅಡುಗೆಗೆ ಅಜ್ಜಿಯೋ ತಾಯಿಯೋ, ನಡುವೆ ಆಸ್ಪತ್ರೆಗೆ ಬರುವ ಒಬ್ಬರು, ಇಷ್ಟು ಜನಕ್ಕೆ ಎರಡು ಕೋಣೆ, ಅಡುಗೆಮನೆ, ಒಳಗೇ ಇರುವ ಶೌಚಾಲಯ ಸಾಕು. ಕೋಣೆಯ ಸಂಖ್ಯೆಗಿಂತ ಮುಖ್ಯವಾದವು ಬೇರೆ ಇವೆ. ಮನೆ ನೆಲಮಹಡಿಯಲ್ಲಿರಬೇಕು, ಯಾಕೆಂದರೆ ಮೊಣಕಾಲು ಚಿಕಿತ್ಸೆಗೆ ಬಂದ ಅಜ್ಜಿಯನ್ನು ಹೊರಗಿನ ಕಡಿದಾದ ಮೆಟ್ಟಿಲಲ್ಲಿ ಹತ್ತಿಸಲಾಗದು. ಓದುವ ಕೋಣೆಗೆ ಬೀದಿಯ ಗದ್ದಲ ನೇರ ಬೀಳಬಾರದು. ಬಾಗಿಲಿನಿಂದ ಕಾಲೇಜು, ಬಸ್ ನಿಲ್ದಾಣ, ಆಸ್ಪತ್ರೆ ಈ ಮೂರರಲ್ಲಿ ಎರಡಾದರೂ ನಡೆಯುವ ದೂರದಲ್ಲಿರಬೇಕು. ಗಾಡಿ ಓಡಿಸುವ ಗಂಡಸರು ಊರಲ್ಲಿದ್ದಾಗ ಮನೆ ನಡೆಸುವವರು ಹೆಂಗಸರು ಮತ್ತು ಮಕ್ಕಳು, ದೂರದ ಬಡಾವಣೆಯ ವಿಶಾಲ ಮನೆ ಅವರನ್ನು ಆಟೋದವರ ಕೈಗೆ ಒಪ್ಪಿಸುತ್ತದೆ. ಎದುರಿಗೂ ಪಕ್ಕಕ್ಕೂ ವರ್ಷವಿಡೀ ವಾಸವಿರುವ ಮನೆಗಳಿರಬೇಕು. ಮೂರು ವಾರ ಬೀಗ ಬಿದ್ದ ಮನೆಗೆ ಕಣ್ಣಾಗುವವರು ಅವರೇ, ನಲ್ಲಿ ಬಿಟ್ಟುಹೋದರೆ ಫೋನ್ ಮಾಡುವವರೂ ಅವರೇ. ಅಪಾರ್ಟ್‌ಮೆಂಟಿನ ಸಣ್ಣ ಫ್ಲ್ಯಾಟ್ ಈ ಒಂದು ಕಾರಣಕ್ಕೆ ವಿಚಾರ ಮಾಡಬೇಕಾದದ್ದು, ಕಾವಲುಗಾರರ ಖರ್ಚು ಎಲ್ಲರಲ್ಲಿ ಹಂಚಿಹೋಗುತ್ತದೆ. ಆದರೆ ಖಾಲಿ ಇದ್ದ ತಿಂಗಳಿಗೂ ನಿರ್ವಹಣಾ ಶುಲ್ಕ ಕಟ್ಟಬೇಕು, ಲಿಫ್ಟ್ ಕೆಟ್ಟರೆ ಮತ್ತೆ ಮೆಟ್ಟಿಲೇ ಗತಿ.

ಹಣದ ಲೆಕ್ಕದಲ್ಲಿ ರೈತ ಕುಟುಂಬ ಎಡವುವುದು ಎರಡು ಕಡೆ. ಒಂದು, ಬೆಲೆಯ ಮೇಲಿನ ಖರ್ಚು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿದರೆ ಒಟ್ಟು ಸುಮಾರು ಶೇ 7.6 ಆಗುತ್ತದೆ. 30 ಲಕ್ಷದ ಹಳೇ ಮನೆ ಎಂದಿಟ್ಟುಕೊಂಡರೆ ಸುಮಾರು 2 ಲಕ್ಷ 28 ಸಾವಿರ ಬರೀ ನೋಂದಣಿಗೆ ಬೇಕು. ಈ ಹಣ ಮನೆ ಮಾರುವಾಗ ಮರಳಿ ಬರುವುದಿಲ್ಲ. ಎರಡು ಮೂರು ವರ್ಷದ ಓದಿಗಾಗಿ ಕೊಂಡು ಮಾರುವವರು ಇದನ್ನು ಕಿರಾಯಿಯ ಜೊತೆ ಹೋಲಿಸಿ ನೋಡಲಿ, ಬಹಳ ಸಲ ಕಿರಾಯಿಯೇ ಅಗ್ಗ ಎಂದು ತಿಳಿಯುತ್ತದೆ. ಇನ್ನೊಂದು, ಕಂತು. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ, ಸೋಯಾ ದುಡ್ಡು ದೀಪಾವಳಿಯ ಸುಮಾರಿಗೆ, ತೊಗರಿಯದು ಸಂಕ್ರಾಂತಿ ಆದ ಮೇಲೆ, ಕಬ್ಬಿನದು ಕಾರ್ಖಾನೆ ಕೊಟ್ಟಾಗ. ಮನೆಯಲ್ಲಿ ಸಂಬಳದವರು ಒಬ್ಬರೂ ಇಲ್ಲದಿದ್ದರೆ ತಿಂಗಳ ಕಂತು ಕೈಗಡಕ್ಕೆ ದಾರಿ ಮಾಡುತ್ತದೆ. ರಾಶಿಯ ಹಣದಿಂದ ಬಹುಪಾಲು ಚುಕ್ತಾ ಮಾಡಬಹುದಾದ ಸಣ್ಣ ಮನೆಯೇ ಇಂಥವರಿಗೆ ಕ್ಷೇಮ. ಸರ್ಕಾರದ ನೆರವಿನ ಲೆಕ್ಕವನ್ನೂ ಬಿಡಬೇಕು. ದೇಶದಲ್ಲಿ ಎಲ್ಲಿಯಾದರೂ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಅರ್ಹತೆ ಇಲ್ಲ. ಗೃಹಜ್ಯೋತಿಯೂ ಒಬ್ಬ ಗ್ರಾಹಕರಿಗೆ ಒಂದೇ ಮೀಟರಿಗೆ, ಎರಡನೆಯ ಮನೆಯ ಜೆಸ್ಕಾಂ ಬಿಲ್ಲು ಕೈಯಿಂದಲೇ ಹೋಗುತ್ತದೆ. ಹಳೇ ಮನೆ ಕೊಳ್ಳುವಾಗ ಹಿಂದಿನವರ ವಿದ್ಯುತ್, ನೀರು, ಆಸ್ತಿ ತೆರಿಗೆ ಬಾಕಿ ಇಲ್ಲದ ರಸೀದಿ ಕೈಗೆ ಬರುವ ತನಕ ಕೊನೆಯ ಕಂತಿನ ಹಣ ತಡೆದಿಡುವುದು ರೂಢಿಯಾಗಬೇಕು.

ಇಷ್ಟು ಹೇಳಿದ ಮೇಲೆ ಬರುವ ಗಟ್ಟಿ ಆಕ್ಷೇಪ ಇದು: ಸಣ್ಣ ಹಳೇ ಮನೆಯ ಬೆಲೆ ಏರುವುದಿಲ್ಲ, ಪ್ಲಾಟಿನ ಬೆಲೆ ಏರುತ್ತದೆ. ನೆಲದ ಬೆಲೆ ಏರುತ್ತದೆ, ಗೋಡೆಯ ಬೆಲೆ ಇಳಿಯುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪೋಣ. ಆದರೆ ನಗರದೊಳಗಿನ ಸಣ್ಣ ಮನೆಯ ಕೆಳಗೂ ನೆಲವಿದೆ, ಅದೂ ನಲ್ಲಿ, ರಸ್ತೆ, ಒಳಚರಂಡಿ ಬಂದಿರುವ ನೆಲ. ಬೀದರ್ ಬೆಳೆಯುತ್ತದೆ ಎಂಬ ನಂಬಿಕೆಯಲ್ಲಿ ಹಿಂದೆಯೂ ಹಣ ಹೂಡಿದವರಿದ್ದಾರೆ. 110 ಕಿಲೋಮೀಟರ್ ಉದ್ದದ ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು, ನಾಗರಿಕ ವಿಮಾನ ನಿಲ್ದಾಣ 2020ರ ಫೆಬ್ರುವರಿಯಲ್ಲಿ ತೆರೆಯಿತು. ರೈಲು ಓಡುತ್ತಿದೆ, ವಿಮಾನ ನಡುವೆ ನಿಂತೂ ಹೋಗಿತ್ತು. ಘೋಷಣೆಯಾದ ದಿನದ ರೇಟಿಗೂ ಸೌಲಭ್ಯ ನೆಲೆಗೊಂಡ ದಿನದ ರೇಟಿಗೂ ನಡುವೆ ಎಷ್ಟು ವರ್ಷ ಎಂದು ಮೊದಲೇ ಹೇಳಬಲ್ಲವರಿಲ್ಲ. ಹತ್ತು ವರ್ಷ ಕಾಯಬಲ್ಲ ಹಣ ಬೇರೆ ಇದ್ದರೆ ಎನ್.ಎ. ಆದ, ಪ್ರಾಧಿಕಾರದ ಮಂಜೂರಾತಿ ಇರುವ, ರೇರಾ ವ್ಯಾಪ್ತಿಗೆ ಬರುವಂತಿದ್ದರೆ ಅಲ್ಲಿ ನೋಂದಣಿಯೂ ಆಗಿರುವ ಬಡಾವಣೆಯಲ್ಲಿ ಪ್ಲಾಟ್ ಕೊಳ್ಳಲಿ, ಅದು ಹೂಡಿಕೆ. ಈ ವರ್ಷದ ಓದು, ಈ ವರ್ಷದ ಔಷಧೋಪಚಾರಕ್ಕೆ ಬೇಕಾದ ಮನೆಯ ಹಣವನ್ನು ಅದರಲ್ಲಿ ಹಾಕಿ, ಮಗುವನ್ನು ಹಾಸ್ಟೆಲಿನಲ್ಲಿಟ್ಟು, ಎರಡೂ ಕೆಲಸ ಆಯಿತು ಎಂದು ಹೇಳಿಕೊಳ್ಳುವುದರಲ್ಲಿ ನ್ಯಾಯವಿಲ್ಲ.

ಇನ್ನೊಂದು ಆಕ್ಷೇಪ ದಿಕ್ಕಿನದು. ಇಷ್ಟೆಲ್ಲ ಖರ್ಚು ಮಾಡುವುದಾದರೆ ಹೈದರಾಬಾದ್‌ನಲ್ಲೇ ಯಾಕಾಗಬಾರದು? ಔರಾದ್, ಕಮಲನಗರ ಕಡೆಯವರಿಗೆ ಉದಗೀರ್, ಲಾತೂರ್ ಕೂಡ ಹತ್ತಿರವೇ, ಲಾತೂರಿನ ತರಬೇತಿಗೂ ಹೆಸರಿದೆ. ದೊಡ್ಡ ಊರಿನ ಆಸ್ಪತ್ರೆ, ನೌಕರಿಯ ಅವಕಾಶಗಳನ್ನು ಅಲ್ಲಗಳೆಯಲಾಗದು. ಆದರೆ ಮನೆ ಯಾವ ರಾಜ್ಯದಲ್ಲಿದೆ ಎಂಬುದು ಮಗುವಿನ ಸೀಟಿನ ಮೇಲೂ ಪರಿಣಾಮ ಬೀರುತ್ತದೆ. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯುವ ಸಾಮಾನ್ಯ ದಾರಿ ಎಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರುವುದು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರುವುದು. ಬೇರೆ ವಿನಾಯಿತಿಗಳಿವೆ, ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ದಾಖಲೆ ಬೇಕು. 371(ಜೆ) ಮೀಸಲಾತಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಿಕ್ಕಿರುವ ಅವಕಾಶ ದೊಡ್ಡದು. ಐದನೇ ತರಗತಿಯಲ್ಲೇ ಗಡಿ ದಾಟಿಸಿದ ಮಗುವಿಗೆ ಅದನ್ನು ಬಳಸಿಕೊಳ್ಳುವ ದಾರಿ ತೊಡಕಾಗುತ್ತದೆ. ಬೀಗದ ಲೆಕ್ಕವೂ ಇಲ್ಲಿ ಅನ್ವಯಿಸುತ್ತದೆ. ಔರಾದ್‌ನಿಂದ ಬೆಳಿಗ್ಗೆ ಹೊರಟು ಬೀದರ್‌ನ ಮನೆಯ ಸೋರಿಕೆ ನೋಡಿ ಮಧ್ಯಾಹ್ನ ಹೊಲಕ್ಕೆ ಮರಳಬಹುದು. ಹೈದರಾಬಾದ್‌ನ ಫ್ಲ್ಯಾಟಿಗಾದರೆ ಇಡೀ ದಿನ ಮೀಸಲಿಡಬೇಕು, ಆದ್ದರಿಂದ ಯಾರೂ ಹೋಗುವುದಿಲ್ಲ.

ಕೊನೆಯದಾಗಿ, ಎಲ್ಲ ಸರಿಯಿದ್ದ ಮನೆಯನ್ನೂ ಕೆಡಿಸಬಲ್ಲದ್ದು ಅದು ಯಾರ ಹೆಸರಲ್ಲಿದೆ ಎಂಬ ವಿಷಯ. ನಮ್ಮ ಹಳ್ಳಿಗಳಲ್ಲಿ ಜಮೀನು ಇನ್ನೂ ಬಹಳ ಕಡೆ ಕೂಡು ಹಿಡಿತದಲ್ಲಿದೆ. ಎಲ್ಲರೂ ದುಡಿದ ತೊಗರಿ, ಕಬ್ಬಿನ ಹಣದಲ್ಲಿ ಬೀದರ್‌ನ ಮನೆ ಬರುತ್ತದೆ. ನೋಂದಣಿಗೆ ಹೋದ ಅಣ್ಣನ ಹೆಸರಿಗೆ ಪತ್ರವಾಗುತ್ತದೆ. ಅವನ ಮಕ್ಕಳು ಮೊದಲು ಓದುತ್ತಾರೆ, ತಮ್ಮನ ಮಕ್ಕಳ ಸರದಿ ಬರುವ ಹೊತ್ತಿಗೆ ಮನೆ ಯಾರದು ಎಂಬ ಮಾತು ಏಳುತ್ತದೆ. ಕೂಡು ಕುಟುಂಬದ ಆದಾಯದಿಂದ ಕೊಂಡ ಆಸ್ತಿಯಲ್ಲಿ ಉಳಿದವರಿಗೂ ಹಕ್ಕು ಕೇಳಲು ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಸಮಪಾಲು ಪ್ರಶ್ನಾತೀತ. ಆದ್ದರಿಂದ ಹಣ ಯಾರು ಯಾರು ಹಾಕಿದರು, ಪತ್ರದಲ್ಲಿ ಯಾರ ಯಾರ ಹೆಸರಿರಬೇಕು, ಯಾವ ವರ್ಷ ಯಾರ ಮಕ್ಕಳು ಇರುತ್ತಾರೆ, ಓದೆಲ್ಲ ಮುಗಿದ ಮೇಲೆ ಮನೆಯನ್ನು ಕಿರಾಯಿಗೆ ಕೊಡುವುದೋ ಮಾರುವುದೋ ಎಂಬುದನ್ನು ಮುಂಗಡ ಹಣ ಕೊಡುವ ಮೊದಲು, ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿ ಬರೆದಿಡಬೇಕು. ಕಾಲೇಜಿಗೂ ಆಸ್ಪತ್ರೆಗೂ ಹತ್ತಿರದ, ಕಾಗದ ಚೊಕ್ಕಾಗಿರುವ, ನಲ್ಲಿ ಇರುವ ಎರಡು ಕೋಣೆಯ ಮನೆಗೆ ಒಂದು ಅನುಕೂಲವಿದೆ. ನಿಮ್ಮ ಮಕ್ಕಳ ಓದು ಮುಗಿದ ವರ್ಷವೇ ಬೇರೊಂದು ಹಳ್ಳಿಯ ಕುಟುಂಬ ಅಂಥದ್ದೇ ಮನೆಯನ್ನು ಹುಡುಕುತ್ತಿರುತ್ತದೆ. ಕಿರಾಯಿಗೆ ಬೇಗ ಹೋಗುವ, ಮಾರಲು ಹೊರಟರೆ ವಕೀಲರ ಪ್ರಶ್ನೆಗೆ ಸಿಕ್ಕಿಬೀಳದ ಮನೆ ಅದು. ದೊಡ್ಡ ಮನೆಯ ಆಸೆ ಇದ್ದವರು ಅದನ್ನು ಊರಲ್ಲೇ ಕಟ್ಟಲಿ, ಅಲ್ಲಿ ನೆಲ ನಿಮ್ಮದು, ಇರುವವರೂ ಇದ್ದಾರೆ.